ಉಷ್ಣವರ್ಗಾವಣ ಮುದ್ರಣ: ಶಾಯಿ ಮತ್ತು ಯಂತ್ರಗಳ ಇತಿಹಾಸ

ಚಿತ್ರವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಬಟ್ಟೆಯ ಮೇಲೆ ಕವಿಚಿ, ಕಾದ ಲೋಹಫಲಕದ ಒತ್ತಡದಿಂದ ವರ್ಣವನ್ನು ಬಟ್ಟೆಗೆ ದಾಟಿಸುವ ವಿಧಾನಕ್ಕೆ ಉಷ್ಣವರ್ಗಾವಣ ಮುದ್ರಣವೆಂದು ಹೆಸರು. ವಿಜಯವಾಡ, ವಿಶಾಖಪಟ್ಟಣಗಳಂಥ ನಗರಗಳಲ್ಲಿ ಒಂದು ಗಣಕಯಂತ್ರ, ಒಂದು ಪ್ರಿಂಟರು, ಒಂದು ಹೀಟ್ ಪ್ರೆಸ್ಸು ಇಷ್ಟನ್ನೇ ಬಂಡವಾಳವಾಗಿ ಹೂಡಿ ಟೀ ಷರ್ಟಿನ ಮೇಲೆ ಹೆಸರು, ಲಾಂಛನ, ಭಾವಚಿತ್ರಗಳನ್ನು ಮೂಡಿಸಿಕೊಡುವ ಸಣ್ಣ ಅಂಗಡಿಗಳ ಕಸುಬು ಇದು. ಈ ಕಸುಬಿಗೆ ಇಳಿಯುವವರಲ್ಲಿ ಅನೇಕರು ಮೊದಲು ಯಂತ್ರವನ್ನು ಕೊಂಡು, ಅನಂತರ ಅದಕ್ಕೆ ಒಪ್ಪುವ ಶಾಯಿಯನ್ನು ಅರಸಿ, ಕಟ್ಟಕಡೆಗೆ ಬಟ್ಟೆಯ ಕಡೆ ಕಣ್ಣು ಹಾಯಿಸುವುದುಂಟು. ಆದರೆ ಬಟ್ಟೆಯ ನೂಲು ಶಾಯಿಯನ್ನೂ ಶಾಯಿಯು ಯಂತ್ರವನ್ನೂ ನಿರ್ಣಯಿಸುತ್ತವೆಂಬುದು ಈ ವಿದ್ಯೆಯ ಚರಿತ್ರೆಯನ್ನು ನೋಡಿದವರಿಗೆ ಸ್ಪಷ್ಟವಾಗದೆ ಇರದು.

ಈ ನಿಯಮವನ್ನು ವಿಜಯವಾಡಕ್ಕೆ ಸುಮಾರು 70 ಕಿಲೋಮೀಟರು ದೂರದ ಮಚಲೀಪಟ್ಟಣದ ಬಣ್ಣಗಾರರು ಶತಮಾನಗಳ ಹಿಂದೆಯೇ ಅರಿತಿದ್ದರು. ಹತ್ತಿಯ ನೂಲು ಬಹುತೇಕ ಸಸ್ಯವರ್ಣಗಳನ್ನು ತಾನಾಗಿ ಹಿಡಿದುಕೊಳ್ಳದಿರುವುದರಿಂದ, ಬಟ್ಟೆಯನ್ನು ಅಳಲೆಕಾಯಿಯ ನೀರಿನಲ್ಲಿ ಅದ್ದಿ, ಕೆಂಪು ಬರಬೇಕಾದೆಡೆ ಪಟಿಕವನ್ನೂ ಕಪ್ಪು ಬರಬೇಕಾದೆಡೆ ಬೆಲ್ಲದೊಡನೆ ಕಳಿತ ಕಬ್ಬಿಣದ ರಸವನ್ನೂ ಅಚ್ಚುಗಳಿಂದ ಒತ್ತಿ, ಆಮೇಲೆ ಬೇರುಗಳ ಬಣ್ಣದಲ್ಲಿ ಕುದಿಸುತ್ತಿದ್ದರು. ಪಟಿಕ ತಗುಲಿದಲ್ಲಿ ಮಾತ್ರ ಕೆಂಪು ನಿಂತು, ಉಳಿದೆಡೆಯ ಬಣ್ಣ ಒಗೆತದಲ್ಲಿ ತೊಳೆದುಹೋಗುತ್ತಿತ್ತು. ಆ ಕೆಂಪಿಗೆ ಮೂಲವಾದ ಚಿರುವೇರು ಕೃಷ್ಣಾ ಮುಖಜಭೂಮಿಯ ನಿಜಾಂಪಟ್ಟಣದ ಸೀಮೆಯಿಂದ ಬರುತ್ತಿತ್ತು. ಗೋಲ್ಕೊಂಡದ ಸುಲ್ತಾನರ ಕಾಲದಲ್ಲಿ ಡಚ್ಚರೂ, 1611ರಲ್ಲಿ ಕೋಠಿ ತೆರೆದ ಇಂಗ್ಲಿಷರೂ ಈ ಬಂದರಿನಿಂದ ಸಾಗಿಸಿದ ಚೀಟಿಬಟ್ಟೆಗಳು ಯುರೋಪಿನ ನೇಕಾರರನ್ನು ಎಷ್ಟರಮಟ್ಟಿಗೆ ಕಂಗೆಡಿಸಿದುವೆಂದರೆ, ಫ್ರಾನ್ಸು 1686ರಲ್ಲಿಯೂ ಇಂಗ್ಲೆಂಡು 1700 ಮತ್ತು 1721ರ ಶಾಸನಗಳಿಂದಲೂ ಅವುಗಳನ್ನು ನಿಷೇಧಿಸಬೇಕಾಯಿತು. ಮಚಲೀಪಟ್ಟಣದ ಸಮೀಪದ ಪೆಡನದಲ್ಲಿ ಕಲಂಕಾರಿಯೆಂದು ಹೆಸರಾದ ಈ ಅಚ್ಚಿನ ಕಲೆ ಇಂದಿಗೂ ಜೀವಂತವಾಗಿದೆ.

ನಿಷೇಧದ ಮರೆಯಲ್ಲಿ ಬೆಳೆದ ಆಂಗ್ಲ ಮುದ್ರಣೋದ್ಯಮವು 1783ರಲ್ಲಿ ತಾಮಸ್ ಬೆಲ್ ಪಡೆದ ಉರುಳೆ ಯಂತ್ರದ ಹಕ್ಕುಪತ್ರದಿಂದ ವೇಗವನ್ನೂ, 1856ರಲ್ಲಿ ರಸಾಯನಜ್ಞ ಪರ್ಕಿನ್ ಕಂಡುಹಿಡಿದ ಕೃತಕ ವರ್ಣದಿಂದ ಹೊಸ ಬಣ್ಣಗಳನ್ನೂ ಗಳಿಸಿತು. ಇಲ್ಲಿ ಒಂದು ವೈಚಿತ್ರ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಭಾರತದ ಹತ್ತಿಬಟ್ಟೆಯ ಅನುಕರಣೆಯಿಂದಲೇ ಬದುಕು ಕಟ್ಟಿಕೊಂಡಿದ್ದ ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ನಿನ ಪ್ರಯೋಗಶಾಲೆಯಲ್ಲಿಯೇ, ವಿನ್‌ಫೀಲ್ಡ್ ಮತ್ತು ಡಿಕ್ಸನ್ನರು 1941ರಲ್ಲಿ ಪಾಲಿಯೆಸ್ಟರ್ ನೂಲನ್ನು ನಿರ್ಮಿಸಿದರು; ಹತ್ತಿಯ ಪ್ರತಿಸ್ಪರ್ಧಿ ಹತ್ತಿಯ ಮುದ್ರಕರ ಮನೆಯಲ್ಲಿಯೇ ಹುಟ್ಟಿತು.

ಈ ನೂಲು ಹತ್ತಿಯ ಬಣ್ಣಗಳನ್ನು ಸ್ವೀಕರಿಸದು. ಅಸಿಟೇಟ್ ರೇಷ್ಮೆಗಾಗಿ 1920ರ ದಶಕದಲ್ಲಿ ಸಿದ್ಧವಾಗಿದ್ದ, ನೀರಿನಲ್ಲಿ ಕರಗದೆ ಸೂಕ್ಷ್ಮಕಣಗಳಾಗಿ ಚದುರಿರುವ ಡಿಸ್ಪರ್ಸ್ ವರ್ಣಗಳು ಮಾತ್ರ ಅದಕ್ಕೆ ಒಗ್ಗಿದುವು. ಅವುಗಳಲ್ಲಿ ಕೆಲವು ಸುಮಾರು 200 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ದ್ರವವಾಗದೆ ನೇರವಾಗಿ ಅನಿಲವಾಗುತ್ತವೆಂಬ ಗುಣವನ್ನು (ಇದಕ್ಕೆ ಸಬ್ಲಿಮೇಷನ್ ಎಂದು ಹೆಸರು), ಫ್ರಾನ್ಸಿನ ರೂಬೇ ನಗರದ ಉಣ್ಣೆ ಗಿರಣಿಯಲ್ಲಿದ್ದ ನೊಯೆಲ್ ದ ಪ್ಲಾಸ್ 1957ರಲ್ಲಿ ಮುದ್ರಣಕ್ಕೆ ಬಳಸುವ ದಾರಿಯನ್ನು ತೋರಿಸಿದನು. ಕಾಗದದಿಂದ ಎದ್ದ ವರ್ಣಾನಿಲವು ಕಾವಿಗೆ ಸಡಿಲಗೊಂಡ ಪಾಲಿಯೆಸ್ಟರಿನ ಒಳಹೊಕ್ಕು, ತಣಿದಾಗ ಅಲ್ಲಿಯೇ ಸೆರೆಯಾಗುವುದರಿಂದ, ಈ ಸಬ್ಲಿಮೇಷನ್ ಚಿತ್ರವು ಕೈಗೆ ತಗುಲದು, ಬಿರಿಯದು, ಒಗೆತಕ್ಕೂ ಅಂಜದು. ಆದರೆ ಹತ್ತಿಯಲ್ಲಿ ಅದು ನಿಲ್ಲುವುದಿಲ್ಲ; ವರ್ಣವು ಪಾರದರ್ಶಕವಾದುದರಿಂದ ಕಪ್ಪು ಬಟ್ಟೆಯ ಮೇಲೆ ಕಾಣುವುದೂ ಇಲ್ಲ. ಬಿಳಿಯ ಪಾಲಿಯೆಸ್ಟರ್ ಕ್ರೀಡಾವಸ್ತ್ರವೇ ಅದರ ನಿಜವಾದ ಕ್ಷೇತ್ರ. ಇದೇ ಗುಣ ಕೆಲವೊಮ್ಮೆ ಶತ್ರುವೂ ಆಗುವುದುಂಟು: ಕೆಂಪು ಪಾಲಿಯೆಸ್ಟರ್ ಅಂಗಿಯ ಮೇಲೆ ಬಿಳಿಯ ಅಕ್ಷರಗಳನ್ನು ಅತಿಯಾದ ಕಾವಿನಲ್ಲಿ ಒತ್ತಿದರೆ, ಅಂಗಿಯ ಬಣ್ಣವೇ ಅನಿಲವಾಗಿ ಮೇಲೇರಿ ಬಿಳುಪನ್ನು ಗುಲಾಬಿಯಾಗಿಸುತ್ತದೆ.

ಇನ್ನು ಪ್ರಿಂಟರಿನ ವಿಷಯ. ಕಾವಿನಿಂದ ಶಾಯಿಯಲ್ಲಿ ಗುಳ್ಳೆಯೆಬ್ಬಿಸಿ ಹನಿಯನ್ನು ಚಿಮ್ಮಿಸುವ ಇಂಕ್‌ಜೆಟ್ ಕ್ರಮವನ್ನು ಕ್ಯಾನನ್ 1977ರಲ್ಲಿ ಕಂಡುಕೊಂಡಿತು. ಹ್ಯೂಲೆಟ್ ಪ್ಯಾಕರ್ಡ್ 1984ರಲ್ಲಿ ಅಂಥದೇ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಎಪ್ಸನ್ನಿನ ಪೀಜೋ ಯಂತ್ರಗಳಾದರೋ, ವಿದ್ಯುತ್ತಿಗೆ ಬಾಗುವ ಸ್ಫಟಿಕದ ಒತ್ತಡದಿಂದ, ಶಾಯಿಯನ್ನು ಕಾಯಿಸದೆಯೇ ಹನಿಯನ್ನು ಹೊರದೂಡುತ್ತವೆ. ಕಾವಿಗೆ ಅನಿಲವಾಗಬೇಕಾದ ಶಾಯಿಯನ್ನು ಮುದ್ರಕಶಿರದಲ್ಲಿಯೇ ಕಾಯಿಸುವುದು ಉಚಿತವಲ್ಲವಾದ ಕಾರಣ, ಸಬ್ಲಿಮೇಷನ್ ಕೆಲಸದವರು ಸಾಮಾನ್ಯವಾಗಿ ಪೀಜೋ ಪ್ರಿಂಟರನ್ನೇ ಆಶ್ರಯಿಸಿದರು. 2010ರಲ್ಲಿ ಎಪ್ಸನ್ ಇಂಡೊನೇಷ್ಯದಲ್ಲಿ ಮೊದಲು ಬಿಟ್ಟು ಬಳಿಕ ನಮ್ಮ ದೇಶಕ್ಕೂ ತಂದ ಇಂಕ್ ಟ್ಯಾಂಕ್ ಮಾದರಿಗಳು, ಶಾಯಿಯನ್ನು ಸೀಸೆಯಿಂದ ಸುರಿಯುವ ಸೌಕರ್ಯದಿಂದಾಗಿ, ಸಣ್ಣ ಅಂಗಡಿಗಳಿಗೆ ವರವಾದುವು.

ಹತ್ತಿಯ ಅಂಗಿಗೆ ಬೇರೆಯೇ ಮಾರ್ಗ. ಇಲ್ಲಿ ಬಣ್ಣವು ನೂಲನ್ನು ಹೊಗುವುದಿಲ್ಲ. ಕಾಗದಕ್ಕೆ ಸವರಿರುವ ಪಾಲಿಮರ್ ಪದರವು ಕಾವಿಗೆ ಕರಗಿ, ಚಿತ್ರಸಮೇತ ಬಟ್ಟೆಗೆ ಅಂಟಿಕೊಳ್ಳುತ್ತದೆ. ಕಚೇರಿಯ ಪ್ರಿಂಟರುಗಳಲ್ಲಿರುವ ಡೈ ಇಂಕು ಮೊದಲು ಥಳಥಳಿಸಿದರೂ ನೀರಿಗೆ ಹರಡುವುದರಿಂದ, ಕರಗದ ವರ್ಣಕಣಗಳುಳ್ಳ ಪಿಗ್ಮೆಂಟ್ ಇಂಕೇ ಈ ಕೆಲಸಕ್ಕೆ ಪ್ರಶಸ್ತ. ಇಂಕ್‌ಜೆಟ್ಟಿನ ಕಾಗದವನ್ನು ಲೇಸರ್ ಪ್ರಿಂಟರಿಗೆ ಹಾಕಲಾಗದು. ಲೇಸರಿನ ಕಾದ ಉರುಳೆಗೆ ಆ ಪದರ ಕರಗಿ ಅಂಟಿತೆಂದರೆ ಯಂತ್ರ ದುರಸ್ತಿಗೆ ಹೋಗುವುದೇ ಸರಿ.

ಕರಾವಳಿಯ ಹವೆಯೂ ಈ ಲೆಕ್ಕಕ್ಕೆ ಸೇರಬೇಕು. ವಿಶಾಖಪಟ್ಟಣದ ಕಡಲ ತೇವವನ್ನು ಹೀರಿದ ಕಾಗದವೂ ಬಟ್ಟೆಯೂ ಒತ್ತುವಾಗ ಆವಿಯೆಬ್ಬಿಸಿ ಚಿತ್ರವನ್ನು ಮಬ್ಬಾಗಿಸುವುದರಿಂದ, ಅಲ್ಲಿ ಕಾಗದವನ್ನು ಮುಚ್ಚಿದ ಚೀಲದಲ್ಲಿಟ್ಟು, ಅಂಗಿಯನ್ನು ಮೊದಲು ಕೆಲವು ಸೆಕೆಂಡು ಬರಿದೆ ಒತ್ತಿ ತೇವ ಹಾರಿಸಿಕೊಳ್ಳಬೇಕು. ವಿಜಯವಾಡದ ಬೇಸಗೆ 40 ಡಿಗ್ರಿಯನ್ನು ದಾಟುವಾಗ, ವಾರಗಟ್ಟಲೆ ಸುಮ್ಮನಿರಿಸಿದ ಪಿಗ್ಮೆಂಟ್ ಯಂತ್ರದ ಸೂಜಿರಂಧ್ರಗಳು ಒಣಗಿ ಕಟ್ಟಿಕೊಳ್ಳುವುದು ಸಹಜ.

ಸಾವಿರಾರು ಅಂಗಿಗಳ ದೊಡ್ಡ ಬೇಡಿಕೆಗೆ ಸ್ಕ್ರೀನ್ ಮುದ್ರಣವೇ ಇಂದಿಗೂ ಅಗ್ಗ. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನು ಕಟ್ಟಬೇಕಾದುದರಿಂದ, ಇಪ್ಪತ್ತು ಅಂಗಿಗಳ ಗಿರಾಕಿಗೆ ಆ ದಾರಿ ದುಬಾರಿ. 1926ರಲ್ಲಿ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಆರಂಭವಾಗಿ 1930ರಲ್ಲಿ ವಿಶಾಖಪಟ್ಟಣದ ವಾಲ್ತೇರಿಗೆ ಬಂದ ಆಂಧ್ರ ವಿಶ್ವವಿದ್ಯಾಲಯವೇ ಮೊದಲ್ಗೊಂಡು ಉಭಯ ನಗರಗಳ ವಿದ್ಯಾಸಂಸ್ಥೆಗಳ ವಿದ್ಯಾರ್ಥಿ ತಂಡಗಳು, ಓಟದ ಕೂಟಗಳು, ಗಣೇಶೋತ್ಸವದ ಮಂಡಳಿಗಳು ಇಂಥ ಗಿರಾಕಿಗಳೇ.

ಈಚೆಗೆ, 2020ರ ಆಸುಪಾಸಿನಿಂದ, ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಎಂಬ ಪದ್ಧತಿ ಇಂಥ ಸಣ್ಣ ಗಿರಾಕಿಗಳ ಬಹುಭಾಗವನ್ನು ಸೆಳೆದುಕೊಂಡಿದೆ. ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಬಣ್ಣವನ್ನೂ ಅದರ ಮೇಲೆ ಬಿಳಿಯನ್ನೂ ಮುದ್ರಿಸಿ, ಹಸಿಯಿರುವಾಗಲೇ ಅಂಟಿನ ಪುಡಿ ಉದುರಿಸಿ, ಕಾಯಿಸಿ ಕರಗಿಸಿ, ಬಳಿಕ ಬಟ್ಟೆಗೆ ಒತ್ತುವ ಈ ಕ್ರಮಕ್ಕೆ ಹತ್ತಿಯೆಂದೂ ಪಾಲಿಯೆಸ್ಟರೆಂದೂ, ಕಪ್ಪೆಂದೂ ಬಿಳುಪೆಂದೂ ಭೇದವಿಲ್ಲ. ನೂಲಿನ ಆಳ್ವಿಕೆ ಇಲ್ಲಿಗೆ ಮುಗಿಯಿತೆಂದು ಹೇಳುವವರಿದ್ದಾರೆ. ಹಾಗೆ ಒಪ್ಪಲಾಗದು, ಏಕೆಂದರೆ ಬಟ್ಟೆಗೆ ಅಂಟುವುದು ಬಣ್ಣವಲ್ಲ, ಪುಡಿಯ ಅಂಟು, ಮತ್ತು ದೊಡ್ಡ ಚಿತ್ರ ಒತ್ತಿದ ಅಂಗಿಯನ್ನು ತೊಟ್ಟವನಿಗೆ ಎದೆಯ ಮೇಲೆ ಗಾಳಿಯಾಡದ ಹಾಳೆಯೊಂದು ಕುಳಿತಂತಿರುತ್ತದೆ. ಬಿಳಿಯ ಶಾಯಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರವಾದ ವಸ್ತುವಾದುದರಿಂದ ತಳಕ್ಕಿಳಿಯುತ್ತದೆ. ಕರೆಂಟು ಹೋಗಿ ಕಲಕುವ ಯಂತ್ರ ಬಹುಕಾಲ ನಿಂತರೆ ಕೊಳವೆ ಕಟ್ಟುತ್ತದೆ. ಆದಕಾರಣ ನಿತ್ಯವೂ ಬೇಡಿಕೆಯಿರುವ ಅಂಗಡಿ ಮಾತ್ರ ಡಿಟಿಎಫ್ ಯಂತ್ರವನ್ನು ಸಾಕಬಲ್ಲುದು; ಉಳಿದವರು ಮುದ್ರಿತ ಫಿಲ್ಮನ್ನು ಅಳತೆಗೆ ಕೊಂಡುತಂದು, ತಮ್ಮಲ್ಲಿ ಹೀಟ್ ಪ್ರೆಸ್ಸನ್ನಷ್ಟೇ ಇಟ್ಟುಕೊಳ್ಳುತ್ತಾರೆ.