ಹೆರ್‌ಸ್ಟಾಟ್ ಬ್ಯಾಂಕೂ ನಮ್ಮೂರಿನ ಠೇವಣಿಯೂ

ನಮ್ಮ ಕೆ.ಬಿ. ಬಡಾವಣೆಯಲ್ಲಿ ಸಂಜೆ ವಾಕಿಂಗಿಗೆ ಹೊರಟ ಹಿರಿಯರ ಮಾತು ಮಳೆ, ಮೊಮ್ಮಕ್ಕಳು ಎಲ್ಲಾ ಮುಗಿದ ಮೇಲೆ ಬಡ್ಡಿ ದರಕ್ಕೆ ಬಂದು ನಿಲ್ಲುತ್ತದೆ. "ಅಲ್ಲಿ ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತಾರಂತೆ, ಇಡಬಹುದೇನ್ರಿ?" ಈ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ.

ಆ ಚರಿತ್ರೆಯನ್ನು ಅಗೆದು ತೆಗೆದವರಲ್ಲಿ ಒಬ್ಬರು ಚಾರ್ಲ್ಸ್ ಗುಡ್‌ಹಾರ್ಟ್. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರೊಫೆಸರ್, ಅದಕ್ಕೂ ಮೊದಲು ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿದ್ದವರು. ಬಾಸೆಲ್ ಸಮಿತಿಯ ಕಡತಗಳನ್ನೇ ಕೆದಕಿ, ಅದರ 1974ರಿಂದ 1997ರವರೆಗಿನ ಇತಿಹಾಸವನ್ನು ಬರೆದರು. ಪುಸ್ತಕ ಬಂದದ್ದು 2011ರಲ್ಲಿ. ಸಭೆಯ ನಡಾವಳಿ ಓದುವುದು ಎಂಥಾ ಶಿಕ್ಷೆ ಅಂತ ಸೊಸೈಟಿ ಮೀಟಿಂಗಿಗೆ ಹೋದವರಿಗೆ ಗೊತ್ತು!

ಕಥೆ ಶುರುವಾಗುವುದು 1974ರ ಜೂನ್ 26ರಂದು, ಜರ್ಮನಿಯ ಕಲೋನ್ ನಗರದಲ್ಲಿ. ವಿದೇಶಿ ವಿನಿಮಯದ ಸಟ್ಟಾದಲ್ಲಿ ಕೈಸುಟ್ಟುಕೊಂಡಿದ್ದ ಹೆರ್‌ಸ್ಟಾಟ್ ಬ್ಯಾಂಕನ್ನು ಸರ್ಕಾರ ಅಂದು ಮುಚ್ಚಿಸಿತು. ಅಲ್ಲಿ ದಿನದ ವ್ಯವಹಾರ ಮುಗಿದಿತ್ತು, ನ್ಯೂಯಾರ್ಕಿನಲ್ಲಿ ಇನ್ನೂ ಬೆಳಗ್ಗೆ. ಜರ್ಮನಿಯಲ್ಲಿ ಮಾರ್ಕ್ ಕೊಟ್ಟು, ನ್ಯೂಯಾರ್ಕಿನಲ್ಲಿ ಡಾಲರ್ ಬರುತ್ತದೆ ಅಂತ ಕಾದಿದ್ದ ಬ್ಯಾಂಕುಗಳಿಗೆ ಡಾಲರ್ ಬರಲೇ ಇಲ್ಲ. ಈ ಬಗೆಯ ಅಪಾಯಕ್ಕೆ ಇವತ್ತಿಗೂ 'ಹೆರ್‌ಸ್ಟಾಟ್ ರಿಸ್ಕ್' ಅಂತಲೇ ಹೆಸರು.

ಅದೇ ವರ್ಷದ ಕೊನೆಗೆ ಶ್ರೀಮಂತ ದೇಶಗಳ ಕೇಂದ್ರ ಬ್ಯಾಂಕುಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಒಂದು ಸಮಿತಿ ಕಟ್ಟಿದವು. ಸ್ವಾರಸ್ಯವೇನು ಗೊತ್ತಾ? ಈ ಸಮಿತಿಗೆ ಕಾನೂನಿನ ಅಧಿಕಾರ ಎಳ್ಳಷ್ಟೂ ಇಲ್ಲ. ಆದರೂ ಅದು 1988ರಲ್ಲಿ ಹೇಳಿದ ಶೇಕಡಾ 8ರ ಬಂಡವಾಳದ ಲೆಕ್ಕ ಜಗತ್ತನ್ನೇ ಸುತ್ತಿ ಬಂತು. 1991ರ ನರಸಿಂಹಂ ಸಮಿತಿಯ ವರದಿಯ ನಂತರ 1992ರಲ್ಲಿ ರಿಸರ್ವ್ ಬ್ಯಾಂಕೂ ಅದನ್ನು ತಂದಿತು, ಆಮೇಲೆ ಶೇ. 9 ಮಾಡಿತು. ಭಾರತಕ್ಕೆ ಆ ಸಮಿತಿಯಲ್ಲಿ ಕುರ್ಚಿ ಸಿಕ್ಕಿದ್ದು ಮಾತ್ರ 2009ರಲ್ಲಿ. ಹದಿನೇಳು ವರ್ಷ ಬೇರೆಯವರು ಬರೆದ ನಿಯಮ ಪಾಲಿಸಿದೆವು ಅಂತಾಯ್ತು.

ಬಂಡವಾಳಕ್ಕಿಂತ ನನಗೆ ಮುಖ್ಯ ಅನಿಸುವುದು ಅದಕ್ಕೂ ಹಳೆಯ ಪ್ರಶ್ನೆ. ಒಂದು ದೇಶದ ಬ್ಯಾಂಕು ಇನ್ನೊಂದು ದೇಶದಲ್ಲಿ ಶಾಖೆ ತೆರೆದರೆ ಕಾವಲು ಯಾರದು? 1975ರಲ್ಲೇ ಇದಕ್ಕೊಂದು ಒಪ್ಪಂದ ಬರೆದರು. ಆದರೆ 1982ರಲ್ಲಿ ಇಟಲಿಯ ಆಂಬ್ರೋಸಿಯಾನೋ ಬ್ಯಾಂಕು ಬಿದ್ದಾಗ, ಅದರ ಲಕ್ಸೆಂಬರ್ಗ್ ಕಂಪನಿಯ ಸಾಲದ ಹೊಣೆ ನಮ್ಮದಲ್ಲ ಅಂದುಬಿಟ್ಟಿತು ಇಟಲಿ. ಮರುವರ್ಷ ಒಪ್ಪಂದವನ್ನು ತಿದ್ದಬೇಕಾಯಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಪಟ್ಟಣ ಸಹಕಾರಿ ಬ್ಯಾಂಕುಗಳು. 1966ರ ಮಾರ್ಚ್ 1ರಿಂದ ಅವಕ್ಕೆ ಇಬ್ಬರು ಯಜಮಾನರು. ನೋಂದಣಿ, ಚುನಾವಣೆ, ಆಡಳಿತ ಮಂಡಳಿ ರಾಜ್ಯದ ಸಹಕಾರ ಇಲಾಖೆಗೆ. ಬ್ಯಾಂಕಿಂಗ್ ವ್ಯವಹಾರ ರಿಸರ್ವ್ ಬ್ಯಾಂಕಿಗೆ. ಲಕ್ಸೆಂಬರ್ಗಿನ ಜಗಳ ಒಂದೇ ಊರಿನೊಳಗೆ!

ಇದರ ಬೆಲೆ ಬೆಂಗಳೂರಿನವರಿಗೆ ಗೊತ್ತಾದದ್ದು 2020ರ ಜನವರಿಯಲ್ಲಿ. ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು ತೆಗೆಯಬಹುದಾಗಿದ್ದ ಹಣ ಮೊದಲಿಗೆ ಬರೀ 35,000 ರೂಪಾಯಿ. ಅವರಲ್ಲಿ ಬಹಳಷ್ಟು ಮಂದಿ ನಿವೃತ್ತರು. ಆ ವರ್ಷವೇ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತ ಬಿಗಿಮಾಡುವ ಸುಗ್ರೀವಾಜ್ಞೆ ಬಂತು. ತಾರೀಖು ನೋಡಿ, ಜೂನ್ 26. ಹೆರ್‌ಸ್ಟಾಟ್ ಮುಚ್ಚಿ ಸರಿಯಾಗಿ 46 ವರ್ಷ. ಕಾಕತಾಳೀಯ ಅಷ್ಟೇ, ಆದರೂ....

ಠೇವಣಿ ವಿಮೆಯ ವಿಷಯದಲ್ಲಿ ಮಾತ್ರ ನಾವು ಹಿಂದೆ ಬಿದ್ದವರಲ್ಲ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ, 1962ರ ಜನವರಿ 1ರಿಂದ ತಲಾ 1,500 ರೂಪಾಯಿಯ ವಿಮೆ ಬಂತು. 1993ರಲ್ಲಿ ಅದು ಒಂದು ಲಕ್ಷವಾಯಿತು. ಆಮೇಲೆ 27 ವರ್ಷ ಅಲ್ಲೇ ನಿಂತಿತು (ಈ ನಡುವೆ ಸೈಟಿನ ಬೆಲೆ ಎಲ್ಲಿಗೆ ಹೋಯಿತು ಅಂತ ಕೇಳಬೇಡಿ). 2020ರ ಫೆಬ್ರವರಿಯಲ್ಲಿ 5 ಲಕ್ಷ ಮಾಡಿದರು. 2021ರ ತಿದ್ದುಪಡಿಯ ಪ್ರಕಾರ, ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ ಇದನ್ನು 90 ದಿನದಲ್ಲಿ ಕೊಡಬೇಕು.

ವಾಕಿಂಗಿನ ಹಿರಿಯರಿಗೆ ನಾನು ಹೇಳುವುದು ಇಷ್ಟು. ಆ 5 ಲಕ್ಷದಲ್ಲಿ ಅಸಲೂ ಸೇರಿದೆ, ಬಡ್ಡಿಯೂ ಸೇರಿದೆ. ಒಂದೇ ಬ್ಯಾಂಕಿನ ನಾಲ್ಕು ಶಾಖೆಯಲ್ಲಿ ನಿಮ್ಮೊಬ್ಬರ ಹೆಸರಲ್ಲೇ ಹಂಚಿ ಇಟ್ಟರೂ ಲೆಕ್ಕ ಒಂದೇ. ಇನ್ನು ಬೋರ್ಡಿನ ಮೇಲೆ 'ಬ್ಯಾಂಕ್' ಎಂದಿಲ್ಲದೆ ಪತ್ತಿನ ಸಹಕಾರ ಸಂಘ ಅಂತಲೋ ಪತ್ತಿನ ಸೌಹಾರ್ದ ಸಹಕಾರಿ ಅಂತಲೋ ಇದ್ದರೆ, ಅಲ್ಲಿಗೆ ಈ ವಿಮೆಯೂ ಇಲ್ಲ, ರಿಸರ್ವ್ ಬ್ಯಾಂಕಿನ ಕಾವಲೂ ಇಲ್ಲ.