ಬೇಸಿಗೆ ರಜೆಯ ಆಟಗಳಿಗೂ ಒಂದು ಚರಿತ್ರೆ ಉಂಟು

ಮಾರ್ಚ್ ಕೊನೆಯ ವಾರ ಬಂತೆಂದರೆ ನಮ್ಮ ವಾಚನಾಲಯದ ಜಗಲಿಯಲ್ಲಿ ಕೇಳಿಬರುವ ಮಾತು ಒಂದೇ: ಇನ್ನು ಎರಡು ತಿಂಗಳು ಈ ಮಕ್ಕಳನ್ನು ಎಂತ ಮಾಡುವುದು? ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವ ವರೆಗೆ ಮಕ್ಕಳ ಕೈಯಲ್ಲಿ ಮೊಬೈಲು, ಹೆತ್ತವರ ಬಾಯಲ್ಲಿ ಬೈಗುಳ. ಪೇಟೆಯಲ್ಲಿ ಬೇಸಿಗೆ ಶಿಬಿರಗಳು ನಡೆಯುತ್ತವೆ. ಅದಕ್ಕೆ ಶುಲ್ಕ ಕೊಡಬೇಕು, ಬಸ್ಸಿನ ಖರ್ಚು ಬೇರೆ, ಕರೆದುಕೊಂಡು ಹೋಗಿ ಬರಲು ಒಬ್ಬರ ಒಂದು ದಿನದ ಕೆಲಸ ಹೋಗುತ್ತದೆ. ಕೂಲಿಗೆ ಹೋಗುವವರ ಮನೆಗೆ ಹೊಂದುವ ಲೆಕ್ಕ ಅದಲ್ಲ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹೀಗಿರಲಿಲ್ಲ, ಸರಿ. ಹಾಗಾದರೆ ಹೇಗಿತ್ತು, ಏಕೆ ಹಾಗಿತ್ತು, ಯಾವಾಗ ತಪ್ಪಿಹೋಯಿತು ಎಂದು ಕೇಳಿದರೆ ಮಾತು ಮುಂದುವರಿಯುವುದಿಲ್ಲ. ಮೊಬೈಲಿನ ಮೇಲೆ ತಪ್ಪು ಹೊರಿಸುವ ಮೊದಲು, ಅದು ಬಂದು ಕುಳಿತ ಜಾಗ ಖಾಲಿಯಾದದ್ದು ಹೇಗೆ ಎಂದು ನೋಡಬೇಕು. ಕಾಸರಗೋಡಿನ ಒಳನಾಡಿನ ಹಳ್ಳಿಗಳನ್ನು ಮುಂದಿಟ್ಟುಕೊಂಡು ನಾನು ಅದನ್ನೇ ಹೇಳಲು ಹೊರಟದ್ದು.

ಮೊದಲು ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಬೆಳೆಗೆ ಹೇಗೋ ಹಾಗೆ ಆಟಕ್ಕೂ ಕಾಲ ಇತ್ತು. ಚೆನ್ನೆಮಣೆ ಆಟಿ ತಿಂಗಳಿನದ್ದು. ಹೊರಗೆ ಕಾಲಿಡಲು ಬಿಡದ ಮಳೆ, ಒಳಗೆ ಮಣೆಯ ಮುಂದೆ ಇಬ್ಬರು. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಳು. ಆಟಿ ಮುಗಿದರೆ ಮಣೆ ಅಟ್ಟಕ್ಕೆ. ಅಕ್ಕತಂಗಿಯರು ಎದುರು ಬದುರು ಕುಳಿತು ಆಡಬಾರದು ಎಂಬ ಕಟ್ಟಳೆಯೂ ಇತ್ತು. ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯ ಪೆಟ್ಟಿಗೆ ಸತ್ತು, ಇನ್ನೊಬ್ಬಳು ಬಾವಿಗೆ ಹಾರಿದ ಕತೆ ಗೊತ್ತಿದ್ದವರಿಗೆ ಆ ಕಟ್ಟಳೆಯ ಅರ್ಥವೂ ಗೊತ್ತು. ಚೆನ್ನೆಯನ್ನು ಯಾರೂ ಬೇಸಿಗೆಗೆ ತರುತ್ತಿರಲಿಲ್ಲ, ತರುವ ಅಗತ್ಯವೂ ಇರಲಿಲ್ಲ. ಬೇಸಿಗೆಗೆ ಅದರದ್ದೇ ಸಾಮಾನು ಉಂಟು.

ಆ ಸಾಮಾನಿನಲ್ಲಿ ಮೊದಲನೆಯದು ಗೇರುಬೀಜ. ಗೇರುಮರ ಈ ನೆಲದ್ದಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಬೇರೇನೂ ಬೆಳೆಯದ ನಮ್ಮ ಮುರಕಲ್ಲಿನ ಗುಡ್ಡೆಗೆ ಅದು ಹೇಳಿ ಮಾಡಿಸಿದಂತೆ ಒಗ್ಗಿತು. ಹಣ್ಣು ಬೀಳುವುದು ಸರಿಯಾಗಿ ಶಾಲೆಗೆ ರಜೆ ಸಿಗುವ ಹೊತ್ತಿಗೆ. ಬೆಳಗ್ಗೆ ಬೇಗ ಗುಡ್ಡೆಗೆ ಹೋದವನಿಗೆ ಹೆಚ್ಚು ಬೀಜ. ಹೆಕ್ಕಿದ್ದರಲ್ಲಿ ಒಂದು ಪಾಲು ಮನೆಗೆ, ಒಂದು ಪಾಲು ಅಂಗಡಿಗೆ, ಉಳಿದದ್ದು ಆಟಕ್ಕೆ. ನೆಲದ ಮೇಲೆ ಗೆರೆ ಎಳೆದು ಬೀಜಗಳನ್ನು ಸಾಲಾಗಿ ನಿಲ್ಲಿಸುವುದು, ದೂರ ನಿಂತು ತೂಕದ ಒಂದು ಬೀಜದಿಂದ ಗುರಿಯಿಟ್ಟು ಹೊಡೆಯುವುದು, ಉರುಳಿದ್ದು ಹೊಡೆದವನಿಗೆ. ಅಂಗಡಿಯಲ್ಲಿ ಸಿಕ್ಕ ಚಿಲ್ಲರೆಯಿಂದ ವಿಷುವಿನ ಹೊತ್ತಿನ ಜಾತ್ರೆಯಲ್ಲಿ ಐಸ್‌ಕ್ಯಾಂಡಿ, ಬಳೆ, ಪುಗ್ಗೆ, ಜೂನ್ ತಿಂಗಳಲ್ಲಿ ಪುಸ್ತಕ, ಪೆನ್ಸಿಲು. ಅಂದರೆ ರಜೆಯ ಖರ್ಚನ್ನು ಮಕ್ಕಳೇ ದುಡಿಯುತ್ತಿದ್ದರು.

ಎರಡನೆಯದು ತೋಟದ ಕಸ. ಬಿದ್ದ ಅಡಕೆ ಹಾಳೆಯಲ್ಲಿ ಒಬ್ಬ ಕುಳಿತು, ಸೋಗೆಯ ತುದಿ ಹಿಡಿದು ಇನ್ನೊಬ್ಬ ಎಳೆದರೆ ಅದೇ ಬಂಡಿ. ಹಾಳೆಗೆ ಎರಡು ಕಣ್ಣು ಕೊರೆದರೆ ಮುಖವಾಡ. ತೆಂಗಿನ ಗರಿಯಿಂದ ಚೆಂಡು, ಪೀಪಿ, ವಾಚು, ಹಾವು, ಗಿರಿಗಿಟಿ. ಮಡಲಿನ ಕೊತ್ತಳಿಗೆಯಿಂದ ಕ್ರಿಕೆಟ್ ಬ್ಯಾಟು. ಲಗೋರಿಗೆ ಹೆಂಚಿನ ಚೂರು, ಕುಟ್ಟಿದೊಣ್ಣೆಗೆ ಯಾವುದೋ ಕಾಡುಮರದ ಕೊಂಬೆ. ಪೈಸೆ ಬಿಚ್ಚಬೇಕಾಗಿರಲಿಲ್ಲ. ಆಟದ ಸಾಮಾನು ಮಾಡುವುದೇ ಅರ್ಧ ದಿನದ ಆಟ. ಮಾಡಿದ್ದು ಸಂಜೆಗೆ ಹಾಳಾದರೆ ಮರುದಿನಕ್ಕೆ ಮತ್ತೆ ಕೆಲಸ ಸಿಕ್ಕಿತು ಎಂದೇ ಲೆಕ್ಕ.

ಮೂರನೆಯದು ಗದ್ದೆ. ನಮ್ಮ ಕಡೆ ಭತ್ತಕ್ಕೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮೂರನೆಯದು ನೀರಿದ್ದಲ್ಲಿ ಮಾತ್ರ. ಸುಗ್ಗಿಯ ಕೊಯ್ಲು ಮುಗಿದ ಮೇಲೆ ಹೆಚ್ಚಿನ ಗದ್ದೆಗಳು ಮಳೆ ಬರುವ ತನಕ ಖಾಲಿ. ಬೇಲಿ ಇಲ್ಲದ, ಸಮತಟ್ಟಾದ, ಯಾರೂ ಗದರಿಸದ ಬಯಲು. ಊರಿನ ಮಕ್ಕಳೆಲ್ಲ ಸೇರುವುದು ಅಲ್ಲಿ. ರಾತ್ರಿಯಾದರೆ ಅದೇ ಗದ್ದೆಯಲ್ಲಿ ಹರಕೆಯ ಬಯಲಾಟ. ಧರ್ಮಸ್ಥಳ, ಕಟೀಲು ಮೇಳಗಳ ಆಟಕ್ಕೆ ಟಿಕೇಟು ಇಲ್ಲ, ಮನೆಯಿಂದ ಒಂದು ಚಾಪೆ ಒಯ್ದರೆ ಸಾಕು. ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ, ಪತ್ತನಾಜೆ ಬಂದು ಮೇಳಗಳು ಗೆಜ್ಜೆ ಬಿಚ್ಚುವ ವರೆಗೆ ಈ ಪಾಠ ನಡೆಯುತ್ತಿತ್ತು. ಪಾಠ ಎಂದದ್ದು ತಮಾಷೆಗಲ್ಲ. ರಾತ್ರಿ ನೋಡಿದ್ದನ್ನು ಮಕ್ಕಳು ಹಗಲು ಆಡಿ ತೋರಿಸುತ್ತಿದ್ದರು. ಹಾಳೆಯ ಕಿರೀಟ, ಬೈಹುಲ್ಲಿನ ಮೀಸೆ, ಡಬ್ಬಿಯ ಚೆಂಡೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ರಾಮಾಯಣ ಪ್ರಸಂಗಗಳ ನೆಲ ಇದು. ಇಲ್ಲಿನ ಎಷ್ಟೋ ಮಕ್ಕಳ ಬಾಯಿಗೆ ನಿಂತು ಮಾತಾಡುವ ಗಟ್ಟಿ ಕನ್ನಡ ಬಂದದ್ದು ಇಂಥ ಆಟದಿಂದ.

ಇಲ್ಲಿ ಭಾಷೆಯ ಮಾತು ಹೇಳಲೇಬೇಕು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಎಂದು ಭಾಷಣದಲ್ಲಿ ಹೊಗಳುತ್ತೇವೆ. ಆ ಸಂಗಮ ನಿಜವಾಗಿ ನಡೆದದ್ದು ಗದ್ದೆಯಲ್ಲಿ. ಒಬ್ಬನ ಮನೆಯಲ್ಲಿ ಹವ್ಯಕ ಕನ್ನಡ, ಒಬ್ಬನಲ್ಲಿ ತುಳು, ಒಬ್ಬನಲ್ಲಿ ಬ್ಯಾರಿ, ಒಬ್ಬನಲ್ಲಿ ಮಲಯಾಳ, ಇನ್ನೊಬ್ಬನಲ್ಲಿ ಕೊಂಕಣಿ ಅಥವಾ ಮರಾಠಿ. ಕುಟ್ಟಿದೊಣ್ಣೆ ಎಂದರೂ ಕುಟ್ಟಿಯುಂ ಕೋಲುಂ ಎಂದರೂ ಎಲ್ಲರಿಗೂ ಅರ್ಥ ಆಗುತ್ತಿತ್ತು. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಗಡಿಯ ಬಗ್ಗೆ ದೊಡ್ಡವರ ನಡುವೆ ಏನೇ ನಡೆದಿರಲಿ, ಮಕ್ಕಳು ಇನ್ನೊಬ್ಬರ ಭಾಷೆ ಕಲಿತದ್ದು ಔಟಾದನೋ ಇಲ್ಲವೋ ಎಂದು ಜಗಳ ಮಾಡುತ್ತ. ತಮ್ಮ ಭಾಷೆ ಉಳಿಸಿಕೊಂಡದ್ದೂ ಅಲ್ಲೇ.

ಹಾಗೆಂದು ಹಳೆಯದೆಲ್ಲ ಬಂಗಾರ ಎಂದು ನಾನು ಹೇಳುವುದಿಲ್ಲ. ಎಷ್ಟೋ ಮಕ್ಕಳಿಗೆ ರಜೆ ಎಂದರೆ ಬರೀ ಕೆಲಸ. ಅಡಕೆ ಸುಲಿಯುವುದು, ಸೊಪ್ಪು ತರುವುದು, ಬೀಡಿ ಕಟ್ಟುವ ಮನೆಗಳಲ್ಲಿ ತಾಯಿಯ ಜೊತೆ ಕುಳಿತು ನೂಲು ಸುತ್ತುವುದು. ಹುಡುಗಿಯರ ಪಾಲಿಗೆ ಹಲಸಿನ ಹಪ್ಪಳ ಲಟ್ಟಿಸುವ, ಮಾಂಬಳ ಒಣಗಿಸುವ, ಕಾಗೆ ಓಡಿಸುವ ಕೆಲಸ ಹೆಚ್ಚು, ಗದ್ದೆ ಕಡಿಮೆ. ಜಾತಿಯ ಗೆರೆ ಗದ್ದೆಯಲ್ಲಿಯೂ ಇತ್ತು. ಆಟಕ್ಕೆ ಸೇರಿಸಿಕೊಂಡ ಹುಡುಗನನ್ನೇ ನೀರು ಕುಡಿಯುವಾಗ ಅಂಗಳದ ಹೊರಗೆ ನಿಲ್ಲಿಸಿದವರು ಇದ್ದರು. ಅದನ್ನೆಲ್ಲ ಮರಳಿ ತರಬೇಕೆಂದು ಯಾರೂ ಹೇಳಬಾರದು.

ಈಗ, ತಪ್ಪಿಹೋದದ್ದು ಹೇಗೆ ಎಂಬ ಪ್ರಶ್ನೆ. ಮೊದಲು ಹೋದದ್ದು ಗದ್ದೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡು ಉಳುವವನಿಗೆ ಭೂಮಿ ಸಿಕ್ಕಿತು. ಅದು ನ್ಯಾಯವೇ. ಆದರೆ ಭತ್ತದಲ್ಲಿ ಗಿಟ್ಟುವುದಿಲ್ಲ ಎಂದಾದಾಗ ಸಣ್ಣವರೂ ದೊಡ್ಡವರೂ ಒಟ್ಟಾಗಿ ಗದ್ದೆಗೆ ಅಡಕೆ, ತೆಂಗು ಇಟ್ಟರು. ಭತ್ತದ ಗದ್ದೆ ಉಳಿಸುವ ಕಾನೂನು 2008ರಲ್ಲಿ ಬರುವಷ್ಟರಲ್ಲಿ ಹೆಚ್ಚಿನ ಬಯಲು ತೋಟವಾಗಿತ್ತು. ತೋಟಕ್ಕೆ ಬೇಲಿ ಬೇಕು. ಬೇಲಿಯೊಳಗೆ ಲಗೋರಿ ಆಡಲು ಆಗುವುದಿಲ್ಲ.

ಆಮೇಲೆ ಹೋದದ್ದು ಗುಡ್ಡೆ. ಕೆಲವು ಗುಡ್ಡೆಗೆ ರಬ್ಬರು ಬಂತು. ಸರಕಾರಿ ಒಡೆತನದ ದೊಡ್ಡ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮುಂತಾದ ಕಡೆ ಹುಟ್ಟಿದ ಮಕ್ಕಳ ಸ್ಥಿತಿ ದೇಶಕ್ಕೆಲ್ಲ ಗೊತ್ತಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ನಡೆಯಲು, ಮಾತಾಡಲು ಆಗದೆ ಚಾಪೆಯ ಮೇಲೆಯೇ ದಿನ ಕಳೆದ ಆ ಮಕ್ಕಳಿಗೆ ಬೇಸಿಗೆ ರಜೆ ಎಂಬುದೇ ಇರಲಿಲ್ಲ. ಉಳಿದ ಮಕ್ಕಳನ್ನು ಹೆತ್ತವರು ಹೆದರಿ ಗುಡ್ಡೆಗೆ ಬಿಡಲಿಲ್ಲ. ಬೀಜ ಹೆಕ್ಕುವ ಸಂತೋಷದಲ್ಲಿ ವಿಷದ ಭಯ ಸೇರಿಕೊಂಡಿತು. ನಮ್ಮ ಜಿಲ್ಲೆಯ ಮಕ್ಕಳ ಆಟದ ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಿ ಹೋಗುವಂತಿಲ್ಲ.

ಪರದೆ ಬಂದದ್ದು ಇದರ ಜೊತೆಜೊತೆಗೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಟಿವಿ ಇದ್ದ ಒಂದು ಮನೆಗೆ ಭಾನುವಾರ ಬೆಳಗ್ಗೆ ಊರೇ ನೆರೆಯುತ್ತಿತ್ತು. ಆ ಪರದೆ ಜನರನ್ನು ಒಂದೆಡೆ ಕೂರಿಸಿತು, ಮುಗಿದ ಕೂಡಲೇ ಮಕ್ಕಳು ಬಾಣ ಮಾಡಲು ಓಡಿದರು. ಮೊಬೈಲಿನ ಕತೆ ಬೇರೆ. 2020ರ ಜೂನ್ 1ಕ್ಕೆ ಕೊರೋನಾ ಕಾರಣ ಶಾಲೆ ತೆರೆಯಲಿಲ್ಲ. ವಿಕ್ಟರ್ಸ್ ಚಾನೆಲ್ಲಿನಲ್ಲಿ ಫಸ್ಟ್ ಬೆಲ್ ಎಂಬ ತರಗತಿ ಶುರುವಾಯಿತು. ಟಿವಿ ಇಲ್ಲದವರಿಗೆ ಮೊಬೈಲೇ ಶಾಲೆ. ಸಾಲ ಮಾಡಿ ಫೋನು ತೆಗೆದುಕೊಟ್ಟವರು ಉಂಟು. ಆಗ ಅದು ಅಗತ್ಯವೇ ಆಗಿತ್ತು. ಕಲಿಯಲು ಎಂದು ನಾವೇ ಕೈಗೆ ಕೊಟ್ಟದ್ದನ್ನು ಈಗ ಹಾಳು ಚಟ ಎಂದು ಬೈದರೆ ಮಗುವಿಗೆ ಹೇಗೆ ಅರ್ಥ ಆಗಬೇಕು? ಅದರಿಂದ ಕಿತ್ತುಕೊಳ್ಳುವ ಮೊದಲು ಬದಲಿಗೆ ಏನಾದರೂ ಕೊಡಬೇಕಲ್ಲ ಮಾರಾಯ್ರೆ.

ಕೊಡುವ ಜಾಗ ಯಾವುದು ಎಂದರೆ, ಇಂಥ ವಾಚನಾಲಯಗಳೇ. ತಿರುವಾಂಕೂರಿನಲ್ಲಿ ಪಿ. ಎನ್. ಪಣಿಕ್ಕರ್ 1945ರಲ್ಲಿ ಅಂಬಲಪ್ಪುಳದಲ್ಲಿ ಗ್ರಂಥಶಾಲೆಗಳನ್ನು ಒಟ್ಟುಗೂಡಿಸಿದಾಗ ನಾವು ಇನ್ನೂ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡದವರು. ರಾಜ್ಯ ಬದಲಾದ ಮೇಲೆ ನಾವೂ ಆ ಚಳವಳಿಯ ಪಾಲುದಾರರಾದೆವು. ಅದರಿಂದ ನಮಗೆ ಸಿಕ್ಕ ಒಳ್ಳೆಯ ವಿಷಯ ಬಾಲವೇದಿ, ಗ್ರಂಥಾಲಯಕ್ಕೆ ಅಂಟಿಕೊಂಡ ಮಕ್ಕಳ ಕೂಟ. ಇತ್ತ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ನಾಟಕ, ನೃತ್ಯ ಮಾಡಿಸಿದರು. 1936ರಲ್ಲಿ ಮೂರು ಸಂಪುಟದ ಬಾಲ ಪ್ರಪಂಚ ತಂದರು. ಒಂದು ತೆಂಕಿನಿಂದ, ಒಂದು ಬಡಗಿನಿಂದ, ಎರಡೂ ನಮ್ಮದೇ ಆಸ್ತಿ. ಅಂಗಳ ನಮ್ಮಲ್ಲಿ ಉಂಟು, ಬೇಲಿ ಇಲ್ಲ.

ಮಾಡಬೇಕಾದದ್ದಕ್ಕೆ ಹಣ ಬೇಡ. ರಜೆಯಲ್ಲಿ ವಾರಕ್ಕೆ ಮೂರು ಸಂಜೆ, ನಾಲ್ಕರಿಂದ ಆರು. ಒಂದು ಸಂಜೆ ತೆಂಗಿನ ಗರಿ, ಹಾಳೆಯ ಕೆಲಸ. ಕಲಿಸಲು ಊರಿನ ಅಜ್ಜಂದಿರೇ ಮೇಷ್ಟ್ರು. ಒಂದು ಸಂಜೆ ಲಗೋರಿ, ಕುಟ್ಟಿದೊಣ್ಣೆ, ಹುಡುಗಿಯರೂ ಹುಡುಗರೂ ಒಟ್ಟಿಗೆ. ಕುಟ್ಟಿ ಹಾರಿ ಕಣ್ಣಿಗೆ ತಾಗದಂತೆ ದೊಡ್ಡವರು ಒಬ್ಬರು ನಿಂತಿರಬೇಕು. ಗೇರುಬೀಜ ಹೆಕ್ಕಲು ತೋಟದವರನ್ನು ಕೇಳಿಯೇ ಹೋಗಬೇಕು. ಹಸಿ ಬೀಜ ಕಚ್ಚಬಾರದು, ಸಿಪ್ಪೆಯ ಎಣ್ಣೆ ಬಾಯಿ ಸುಡುತ್ತದೆ ಎಂದು ಮೊದಲೇ ಹೇಳಿರಬೇಕು. ಮೂರನೆಯ ಸಂಜೆ ಓದು. ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಆಮೇಲೆ ಅದನ್ನೇ ಆಡಿ ತೋರಿಸುವುದು. ಚೆನ್ನೆಮಣೆಯನ್ನು ಆಟಿಗೇ ಇಟ್ಟುಕೊಳ್ಳೋಣ. ಅದಕ್ಕಾಗಿ ಕಾಯುವುದೂ ಒಂದು ಕಲಿಕೆ.

ಇನ್ನೊಂದು ಕೆಲಸ ಉಂಟು, ಅದಕ್ಕೆ ಬೇಕಾದದ್ದು ಗೆರೆಯ ಒಂದು ಪುಸ್ತಕ. ಪ್ರತಿ ಮಗು ತನ್ನ ಮನೆಯ ಅಥವಾ ನೆರೆಮನೆಯ ಹಿರಿಯರ ಹತ್ತಿರ ಹೋಗಿ ಒಂದು ಆಟ ಕೇಳಿ ಬರೆಯಬೇಕು. ಹೆಸರು, ಯಾವ ತಿಂಗಳಿನ ಆಟ, ಸಾಮಾನು ಯಾವುದು, ಎಣಿಸುವ ಮಾತು ಯಾವುದು, ಸೋತವನಿಗೆ ಎಂತ ಶಿಕ್ಷೆ. ತುಳುವಾದರೆ ತುಳು ಮಾತನ್ನೇ, ಮಲಯಾಳವಾದರೆ ಆ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ. ನಮ್ಮ ಮಕ್ಕಳಲ್ಲಿ ಹಲವರು ಈಗ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರು. ಕನ್ನಡದಲ್ಲಿ ಒಂದು ಪುಟ ಬರೆಯುವ ಅವಕಾಶ ಅವರಿಗೆ ಶಾಲೆಯಲ್ಲಿ ಸಿಗುವುದು ಕಡಿಮೆ. ಕುಟ್ಟಿದೊಣ್ಣೆಯ ಎಣಿಕೆಯನ್ನು ತಪ್ಪಿಲ್ಲದೆ ಹೇಳುವವರು ಊರಲ್ಲಿ ಈಗ ಬೆರಳೆಣಿಕೆಯಷ್ಟು ಮಂದಿ. ಅವರು ಇರುವಾಗಲೇ ಬರೆದುಕೊಳ್ಳಬೇಕು. ಬರೆದದ್ದನ್ನು ಒಟ್ಟಿಗೆ ಹೊಲಿದು ವಾಚನಾಲಯದ ಕಪಾಟಿನಲ್ಲಿ ಇಟ್ಟರೆ, ಮುಂದಿನ ಮಾರ್ಚಿನಲ್ಲಿ ಎಂತ ಮಾಡುವುದು ಎಂದು ಕೇಳುತ್ತ ಬರುವವರ ಕೈಗೆ ಕೊಡಲು ನಮ್ಮದೇ ಒಂದು ಪುಸ್ತಕ ಇರುತ್ತದೆ.