ಮಖುಲುವಿನ ಪಿಂಚಣಿ

ದಕ್ಷಿಣ ಆಫ್ರಿಕದಲ್ಲಿ ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರ ಮಾತು ಬಂದರೆ ಎಲ್ಲರೂ ಏಡ್ಸ್‌ನಿಂದಲೇ ಶುರು ಮಾಡುತ್ತಾರೆ. ಕತೆ ಅದಕ್ಕಿಂತ ಹಳೆಯದು. ಜೋಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳಿಗೆ ಕರಿಯ ಗಂಡಸರ ದುಡಿಮೆ ಬೇಕಿತ್ತು, ಅವರ ಸಂಸಾರ ಬೇಕಿರಲಿಲ್ಲ. ಪಾಸ್ ಕಾನೂನುಗಳು ಕುಟುಂಬವನ್ನು ಊರಲ್ಲೇ ತಡೆದವು. ತಂದೆ ಗಣಿಯ ಹಾಸ್ಟೆಲಿನಲ್ಲಿ, ತಾಯಿ ಎಷ್ಟೋ ಸಲ ಬಿಳಿಯರ ಮನೆಗೆಲಸದಲ್ಲಿ, ಮಗು ಅಜ್ಜಿಯ ಹತ್ತಿರ. ಷೋಸಾ ಭಾಷೆಯಲ್ಲಿ ಆಕೆ ಮಖುಲು, ಜುಲುವಿನಲ್ಲಿ ಗೋಗೋ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮವರೂ ಕೂಸನ್ನು ಊರಿನ ಅಜ್ಜಿಯ ಬಳಿ ಬಿಡುವುದುಂಟು. ನಮಗದು ಅನುಕೂಲದ ಲೆಕ್ಕ. ಅವರಿಗೆ ಕಾನೂನು ಬೇರೆ ದಾರಿಯನ್ನೇ ಇಟ್ಟಿರಲಿಲ್ಲ.

ಅಲ್ಲಿ ವೃದ್ಧಾಪ್ಯ ಪಿಂಚಣಿ ಬಂದದ್ದು 1928ರಲ್ಲಿ, ಬಿಳಿಯರಿಗೆ ಮತ್ತು ಮಿಶ್ರ ವರ್ಣೀಯರಿಗೆ ಮಾತ್ರ. ಕರಿಯರ ಮುದುಕರನ್ನು ಅವರ ಕುಟುಂಬವೇ ನೋಡಿಕೊಳ್ಳುತ್ತದೆ ಎಂಬುದು ಆಗಿನ ವಾದ. 1944ರಲ್ಲಿ ಕರಿಯರಿಗೂ ಸಿಕ್ಕಿತು, ಆದರೆ ಬಹಳ ಕಡಿಮೆ ಮೊತ್ತ. ಎಲ್ಲರಿಗೂ ಸಮ ಆದದ್ದು 1993ರಲ್ಲಿ: ತಿಂಗಳಿಗೆ 370 ರ‍್ಯಾಂಡ್, ಕರಿಯರ ತಲಾ ಆದಾಯದ ಮಧ್ಯಮ ಮಟ್ಟದ ಸುಮಾರು ಎರಡರಷ್ಟು. ಆಗ ಹೆಂಗಸರಿಗೆ 60ಕ್ಕೆ, ಗಂಡಸರಿಗೆ 65ಕ್ಕೆ ಸಿಗುತ್ತಿತ್ತು. ಅದೇ ವರ್ಷದ ಸಮೀಕ್ಷೆಯ ಅಂಕಿಗಳನ್ನು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಜಾಲಾಡಿದಾಗ ಕಂಡದ್ದು: ಪಿಂಚಣಿ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಹೆಣ್ಣುಮಕ್ಕಳ ತೂಕ, ಎತ್ತರ ಸುಧಾರಿಸಿತ್ತು. ಅಜ್ಜನ ಕೈಗೆ ಬಂದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ದಿನವಿಡೀ ಡ್ಯಾಶ್‌ಬೋರ್ಡ್ ನೋಡುವ ನನಗೆ ಇಷ್ಟು ಬಾಯಿಬಿಟ್ಟು ಮಾತಾಡುವ ಅಂಕಿ ಸಿಕ್ಕಿದ್ದು ಅಪರೂಪ.

ಆಮೇಲೆ ಏಡ್ಸ್. ನಡುವಿನ ತಲೆಮಾರೇ ಕುಸಿಯಿತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ, ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೀರುತ್ತಿದ್ದ ಔಷಧಿಯನ್ನು 350 ಡಾಲರಿಗೆ ಕೊಡುತ್ತೇನೆಂದಿತು. ಆದರೆ ಅಧ್ಯಕ್ಷ ಎಂಬೆಕಿಗೆ ಎಚ್‌ಐವಿಯಿಂದ ಏಡ್ಸ್ ಬರುತ್ತದೆ ಎಂಬುದರಲ್ಲೇ ಅನುಮಾನ. ತಾಯಿಯಿಂದ ಮಗುವಿಗೆ ಹರಡದಂತೆ ಔಷಧಿ ಕೊಡಿ ಎಂದು 2002ರಲ್ಲಿ ಸಂವಿಧಾನ ನ್ಯಾಯಾಲಯವೇ ಹೇಳಬೇಕಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪೂರ್ಣ ಚಿಕಿತ್ಸೆ ಶುರುವಾದದ್ದು 2004ರಲ್ಲಿ. ಈ ವಿಳಂಬಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರ ಅಂದಾಜು. ಅವರು ಬಿಟ್ಟುಹೋದ ಮಕ್ಕಳು ಮತ್ತೆ ಅಜ್ಜಿಯ ಮಡಿಲಿಗೇ ಬಂದರು.

ಕೇಪ್‌ಟೌನ್ ಅಂಚಿನ ಖಯಲಿಟ್ಶಾದಲ್ಲಿ 2001ರಲ್ಲಿ ಇಂಥ ಅಜ್ಜಿಯರು ‘ಗಾಪಾ’ ಎಂಬ ಸಂಘ ಕಟ್ಟಿಕೊಂಡರು. ಬಡತನ ಮತ್ತು ಏಡ್ಸ್ ವಿರುದ್ಧ ಅಜ್ಜಿಯರು ಎಂದು ಅದರ ಅರ್ಥ. ಮಗಳ ಕಾಯಿಲೆಯ ಹೆಸರನ್ನು ನೆರೆಯವರೆದುರು ಹೇಳಲಾಗದ ಕಾಲ ಅದು. ಅಜ್ಜಿಯರು ಒಬ್ಬರ ಮನೆಯಲ್ಲಿ ಸೇರಿ, ಹೊಲಿಗೆ ಹಾಕುತ್ತ, ಅದನ್ನು ಬಾಯಿಬಿಟ್ಟು ಹೇಳಿಕೊಂಡರು. ಶಾಲೆ ಬಿಟ್ಟ ಮಕ್ಕಳನ್ನು ಒಟ್ಟಿಗೆ ನೋಡಿಕೊಂಡರು. ನಮ್ಮ ಚೀಟಿಯಂಥ ಸ್ಟಾಕ್‌ವೆಲ್, ಶವಸಂಸ್ಕಾರದ ನಿಧಿ ಆ ಬಡಾವಣೆಗಳಲ್ಲಿ ಮೊದಲೇ ಇದ್ದವು. ಸಾವಿನ ಖರ್ಚಿಗೆ ಅವೇ ಆಧಾರ.

ಸರ್ಕಾರದ ಮಕ್ಕಳ ಭತ್ಯೆ 1998ರಲ್ಲಿ ಆರಂಭವಾದಾಗ 100 ರ‍್ಯಾಂಡ್, ಅದೂ ಏಳು ವರ್ಷದೊಳಗಿನವರಿಗೆ. ದತ್ತುಪೋಷಣೆಯ ಭತ್ಯೆ ದೊಡ್ಡದು, ಆದರೆ ಸ್ವಂತ ಮೊಮ್ಮಗುವಿಗೂ ನ್ಯಾಯಾಲಯದ ಆದೇಶ ತರಬೇಕು. ಅಲ್ಲಿಯತನಕ ಅಡುಗೆ, ಯೂನಿಫಾರ್ಮು, ಬಸ್ಸು ಎಲ್ಲವೂ ಪಿಂಚಣಿಯಿಂದಲೇ. ಅಜ್ಜಿ ಸತ್ತರೆ ಪಿಂಚಣಿಯೂ ನಿಂತಿತು. ಮನೆ ಯಾರ ಹೆಸರಿಗೆ ಎಂಬ ಜಗಳದಲ್ಲಿ ಮಕ್ಕಳು ಬೀದಿಗೆ ಬೀಳುವ ಭಯವಿತ್ತು. ಆದ್ದರಿಂದ ಗಾಪಾದ ತರಬೇತಿಯಲ್ಲಿ ರೋಗಿಯ ಆರೈಕೆ, ಕಾಯಿಪಲ್ಲೆ ಬೆಳೆಯುವುದರ ಜೊತೆಗೆ ಉಯಿಲು ಬರೆಯುವುದನ್ನೂ ಕಲಿಸುತ್ತಿದ್ದರು.